ಹಳ್ಳಿ ಚರ್ಚಿನ ಗೋಡೆ: ಸಿಮೆಂಟ್ ಕಿತ್ತು ಗಾರೆ ತುಂಬುವ ಕೆಲಸ

ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಸೀಮೆಯ ಹಳೆಯ ಆಂಗ್ಲಿಕನ್ ಚರ್ಚುಗಳ ಗೋಡೆ ಎರಡೂವರೆ, ಮೂರು ಅಡಿ ದಪ್ಪ. ಒಳಗೊಂದು ಹೊರಗೊಂದು ಸುಣ್ಣಕಲ್ಲಿನ ಪದರ, ನಡುವೆ ಚೂರುಕಲ್ಲು, ಸುಣ್ಣದ ಗಾರೆ. ಒಳಗಿಳಿದ ಮಳೆನೀರು ಕಲ್ಲುಗಳ ನಡುವಿನ, ಸುಣ್ಣದ ಗಾರೆ ತುಂಬಿದ ಸಂದುಗಳ ಮೂಲಕವೇ ಆರಬೇಕು. ಆ ಸಂದುಗಳಿಗೆ ಸಿಮೆಂಟ್ ಮೆತ್ತಿದರೆ ನೀರಿಗೆ ಉಳಿಯುವ ದಾರಿ ಕಲ್ಲೊಂದೇ. ಚಳಿಗಾಲದಲ್ಲಿ ಅದು ಕಲ್ಲಿನೊಳಗೇ ಹೆಪ್ಪುಗಟ್ಟಿ, ಮೇಲ್ಮೈ ಹಪ್ಪಳದಂತೆ ಎದ್ದು ಬರುತ್ತದೆ. ಕಲ್ಲು ಸವೆದು, ಸಿಮೆಂಟಿನ ಗೆರೆಗಳು ಮಾತ್ರ ಜಾಲರಿಯ ಹಾಗೆ ಮುಂದೆ ನಿಲ್ಲುತ್ತವೆ.

ಮೊದಲು ಅನುಮತಿ. ಇಲ್ಲಿ ಅದರ ಹೆಸರು ಫ್ಯಾಕಲ್ಟಿ (ಅಧ್ಯಾಪಕ ವರ್ಗಕ್ಕೂ ಇದಕ್ಕೂ ಸಂಬಂಧವಿಲ್ಲ). ಕೊಡುವವರು ಡಯಾಸಿಸ್‌ನ (ಬಿಷಪ್ಪರ ಆಡಳಿತದ ಪ್ರಾಂತದ) ಚಾನ್ಸಲರ್, ಅಂದರೆ ಚರ್ಚಿನ ನ್ಯಾಯಾಧೀಶರು. ಚಿಕ್ಕ ದುರಸ್ತಿಯಾದರೆ ಬಿಷಪ್ಪರ ಕೈಕೆಳಗಿನ ಹಿರಿಯ ಪಾದ್ರಿ ಆರ್ಚ್‌ಡೀಕನ್ ಅವರ ಲಿಖಿತ ಒಪ್ಪಿಗೆ ಸಾಕಾಗಬಹುದು. ಆಮೇಲೆ ಸೂರಿನ ಗಟರು, ನೀರಿಳಿಯುವ ಪೈಪು. ಅವು ಸೋರುತ್ತಿದ್ದರೆ ಗಾರೆಗೆ ಹಾಕಿದ ದುಡ್ಡು ದಂಡ. ಶತಮಾನಗಟ್ಟಲೆ ಹೆಣ ಹೂಳಿದ ಅಂಗಳ ಎಷ್ಟೋ ಕಡೆ ಒಳನೆಲಕ್ಕಿಂತ ಎತ್ತರಕ್ಕೆ ಬಂದು, ಮಣ್ಣಿನ ತೇವ ಗೋಡೆಗೆ ತಗಲುತ್ತಿರುತ್ತದೆ. ಆದರೆ ಪುರಾತತ್ತ್ವದವರಿಲ್ಲದೆ ಅಲ್ಲಿ ಗುದ್ದಲಿ ಹಾಕುವಂತಿಲ್ಲ, ಮೂಳೆ ಸಿಗುತ್ತವೆ.

ಸಿಮೆಂಟ್ ಕೀಳಲು ಸಂದಿಗಿಂತ ಕಿರಿದಾದ ಉಳಿ, ಸಣ್ಣ ಸುತ್ತಿಗೆ. ಗ್ರೈಂಡರ್ ನಾನು ಮುಟ್ಟುವುದಿಲ್ಲ, ಅದು ಜಾರಿ ಕಲ್ಲಿನ ಅಂಚು ಕೊಯ್ಯುತ್ತದೆ. ಆಳ ಸಂದಿನ ಅಗಲದ ಎರಡರಷ್ಟು, ಕನಿಷ್ಠ 25 ಮಿ.ಮೀ. ಸಿಮೆಂಟಿನ ಜತೆ ಕಲ್ಲೂ ಕಿತ್ತು ಬರುವಂತಿದ್ದರೆ ಬಿಟ್ಟುಬಿಡುವುದೇ ಮೇಲು. ದಕ್ಷಿಣದ ಬಾಗಿಲ ಬಳಿ ಕೈ ನಿಧಾನಿಸಲಿ. ಅಲ್ಲಿನ ಕಲ್ಲಿನಲ್ಲಿ ಅಂಗೈಯಗಲದ ಅರ್ಧವೃತ್ತ, ಬೀಸಣಿಗೆಯ ಕಡ್ಡಿಗಳಂಥ ಗೀರು, ನಡುವೆ ಬೆರಳು ಹೋಗುವಷ್ಟು ತೂತು ಕಂಡರೆ ಅದು ಮಧ್ಯಯುಗದ ಪೂಜಾವೇಳೆಯ ನೆರಳುಗಡಿಯಾರ. ತೂತಿನಲ್ಲಿ ಕಡ್ಡಿ ಸಿಕ್ಕಿಸಿ ನೆರಳು ನೋಡುತ್ತಿದ್ದರು. ಗೋಡೆಯ ತೂತೆಂದು ಅದಕ್ಕೂ ಸಿಮೆಂಟ್ ತುಂಬಿದ್ದು ಕಂಡಿದ್ದೇನೆ.

ಹಳೆಯ ಗಾರೆಯ ಉಂಡೆಯನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿದರೆ ಸುಣ್ಣ ಕರಗಿ ಮರಳು ಉಳಿಯುತ್ತದೆ ಎನ್ನುವುದು ಪಾಠ. ಈ ಸೀಮೆಯಲ್ಲಿ ಅದು ಕೈಕೊಡುತ್ತದೆ. ಮರಳೇ ಸುಣ್ಣಕಲ್ಲಿನ ಪುಡಿಯಾದ್ದರಿಂದ ಅದೂ ಕರಗಿ, ಗಾರೆಯಲ್ಲಿ ಬರೀ ಸುಣ್ಣವೇ ಇತ್ತೆಂಬ ತಪ್ಪು ಲೆಕ್ಕ ಸಿಗುತ್ತದೆ. ಹಾಗಾಗಿ ಉಂಡೆ ಮುರಿದು ಭೂತಗನ್ನಡಿಯಲ್ಲಿ ಕಾಳು ನೋಡುವುದೇ ನನಗೆ ನಂಬಿಕೆ.

ಮಿಶ್ರಣಕ್ಕೆ ಒಂದು ಪಾಲು ಸುಣ್ಣದ ಮುದ್ದೆ, ಮೂರು ಪಾಲು ಒರಟು ಮರಳು. ಈ ಮೂರು ಬಂದದ್ದು ಹೀಗೆ: ಒಣ ಮರಳು ತುಂಬಿದ ಜಾಡಿಗೆ ಅಂಚಿನವರೆಗೆ ನೀರು ಸುರಿದರೆ ಜಾಡಿಯ ಸುಮಾರು ಮೂರರಲ್ಲೊಂದು ಪಾಲು ನೀರು ಹಿಡಿಯುತ್ತದೆ. ಕಾಳುಗಳ ನಡುವಿನ ಆ ಖಾಲಿಯನ್ನೇ ಸುಣ್ಣ ತುಂಬಬೇಕು. ಮರಳು ಬದಲಾದರೆ ಮತ್ತೆ ಅಳೆಯಿರಿ. ಚೀಲದಲ್ಲಿ ಬರುವ, ನೀರು ಸೇರಿದಾಗಲೇ ಗಟ್ಟಿಯಾಗತೊಡಗುವ ಹೈಡ್ರಾಲಿಕ್ ಸುಣ್ಣವಾದರೆ (ಚೀಲದ ಮೇಲೆ ಎನ್‌ಎಚ್‌ಎಲ್ ಎಂದಿರುತ್ತದೆ, ಅಂಕಿ ಹೆಚ್ಚಿದಷ್ಟೂ ಗಟ್ಟಿ) ಮೆತ್ತನೆಯ ಕಲ್ಲಿಗೆ ಎನ್‌ಎಚ್‌ಎಲ್ 2 ಸಾಕು. 5 ಬೇಡ, ಗಾರೆ ಕಲ್ಲಿಗಿಂತ ಗಟ್ಟಿಯಾಗಬಾರದು. ನಮ್ಮ ಕಡೆಯ ಹಾಗೆ ಬೆಲ್ಲ, ಅಳಲೆಕಾಯಿ ನೀರು ಇಲ್ಲಿ ಹಾಕುವುದಿಲ್ಲ.

ಹಿಂದಿನ ಸಂಜೆ ಗೋಡೆಗೆ ನೀರು ಹೊಡೆಯಬೇಕು, ತುಂಬುವ ಮುನ್ನ ಇನ್ನೊಮ್ಮೆ. ಕಲ್ಲು ತೇವವಿರಲಿ, ತೊಟ್ಟಿಕ್ಕದಿರಲಿ. ಒಂದು ಸಲಕ್ಕೆ 20 ಮಿ.ಮೀ. ಮೀರದಂತೆ ಒತ್ತಿ ತುಂಬಿ, ದೊಡ್ಡ ಪೊಳ್ಳಿಗೆ ಚಕ್ಕೆಗಲ್ಲು ಸಿಕ್ಕಿಸಬೇಕು. ಹೆಬ್ಬೆರಳು ಇಳಿಯದೆ, ಉಗುರಿನ ಗೆರೆ ಮಾತ್ರ ಮೂಡುವ ಹದಕ್ಕೆ ಬಂದಾಗ ಗಟ್ಟಿ ಬ್ರಷ್ಷಿನಿಂದ ಕುಟ್ಟಿದರೆ ಮರಳಿನ ಕಾಳು ಮೇಲೆ ಕಾಣುತ್ತದೆ. ಕರಣೆಯಿಂದ ನುಣುಪು ಮಾಡಿದರೆ ಸುಣ್ಣದ ತೆಳುಪೊರೆ ಕಟ್ಟಿ ಗೋಡೆಯ ಉಸಿರು ಕಟ್ಟುತ್ತದೆ.

ನಂತರ ಒದ್ದೆ ಗೋಣಿತಟ್ಟು ಇಳಿಬಿಟ್ಟು, ಕನಿಷ್ಠ ಒಂದು ವಾರ ಸಣ್ಣಗೆ ನೀರು ಸಿಂಪಡಿಸಬೇಕು. ಬೇಗ ಒಣಗಿದರೆ ಬೆರಳಿಗೆ ಬಿಳಿ ಪುಡಿ ಹತ್ತುತ್ತದೆ. ನೀರು ಹೆಚ್ಚಾಗಿ ಕಲಸಿದರೆ ಬಿರುಕು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಗಟ್ಟಿಯಾಗುವುದರಿಂದ ಸೆಪ್ಟೆಂಬರ್ ನಂತರ ನಾನು ಹೊಸ ಸಂದು ಹಿಡಿಯುವುದಿಲ್ಲ. ಅಕ್ಟೋಬರ್ ಕೊನೆಯಲ್ಲಿ ತುಂಬಿದರೆ, ಗಟ್ಟಿಯಾಗುವ ಮೊದಲೇ ಹೆಪ್ಪುಗಟ್ಟಿ ಉದುರಿದ ಗಾರೆಯನ್ನು ಮಾರ್ಚ್‌ನಲ್ಲಿ ಗೋಡೆಯ ಬುಡದಿಂದ ಗುಡಿಸಿ ಎತ್ತಬೇಕಾಗುತ್ತದೆ.