ಬಾದಾಮಿ ಸೀಮೆಯಲ್ಲಿ ಒಂದು ವಾಡೆ, ಜೊತೆಗೊಂದು ಬಿಡದಿ ಮನೆ: ನಾವು ಕೊಂಡ ಬಗೆ

ಹಳೇ ವಾಡೆ, ಅಂದರೆ ಗೌಡರ ಕಾಲದ ದೊಡ್ಡ ಮನೆ, ಕೊಳ್ಳಲು ಹೊರಟವರು ದೊಡ್ಡ ಮನೆಯ ಕಂಬ, ಬಾಗಿಲು ನೋಡಿಯೇ ಮರುಳಾಗುತ್ತಾರೆ. ನನ್ನ ಮಾತು ಕೇಳುವುದಾದರೆ, ಅಂಗಳದಾಚೆ ಸಣ್ಣ ಮನೆ ಏನಾದರೂ ಇದ್ದರೆ ಅದರ ಕಾಗದ ಮೊದಲು ಕೇಳಿ. ನಾವು ಕೊಂಡದ್ದರಲ್ಲಿ ತಕರಾರೆಲ್ಲ ಕೂತಿದ್ದದ್ದು ಅಲ್ಲೇ.

ನನ್ನ ನೌಕರಿ ಬೆಳಗಾವಿಯಲ್ಲಿ. ವಾಡೆ ಇರುವುದು ಬಾದಾಮಿ ತಾಲೂಕಿನ ಒಂದು ಹಳ್ಳಿಯಲ್ಲಿ. ಗೌಡಕಿ ಮನೆತನದ್ದು. ದಪ್ಪ ಕಲ್ಲಿನ ಗೋಡೆ, ಪಡಸಾಲೆ, ಮೇಲೆ ಮಣ್ಣಿನ ಮಾಳಿಗೆ, ಅಂಗಳದಲ್ಲಿ ಜೋಳ ತುಂಬುತ್ತಿದ್ದ ಹಗೇವು. ಹಿತ್ತಲ ದಾಟಿದರೆ ಎರಡು ಕೋಣೆಯ ಬಿಡದಿ ಮನೆ. ಹಿಂದೆ ಕಂದಾಯದ ಸಾಹೇಬರು, ಮದುವೆಗೆ ಬಂದ ಬೀಗರು ಎಲ್ಲ ಇಳಿದುಕೊಳ್ಳುತ್ತಿದ್ದದ್ದು ಅಲ್ಲಿ.

ಇದಕ್ಕೂ ಮುಂಚೆ ಎರಡು ಮನೆ ಬಿಟ್ಟಿದ್ದೆವು. ಒಂದು ಬಾದಾಮಿ ಊರೊಳಗೆ, ಅಗಸ್ತ್ಯ ತೀರ್ಥದ ಸಮೀಪ. ಜಾಗ ಬಹಳ ಚಂದ, ಆದರೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ, ರಿಪೇರಿಗೂ ಅನುಮತಿ ಬೇಕು, ಅದರಾಚೆಯ 200 ಮೀಟರ್‌ನಲ್ಲೂ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. ಮಾಳಿಗೆ ಸೋರುವ ಮನೆ ಕೊಂಡು ಅರ್ಜಿ ಹಿಡಿದು ಓಡಾಡುವ ತಾಳ್ಮೆ ನನಗಿಲ್ಲ. ಇನ್ನೊಂದು ಬೀಳಗಿ ಕಡೆ, ಕೃಷ್ಣೆಯ ಹಿನ್ನೀರಿಗೆ ಹತ್ತಿರ. ಆಲಮಟ್ಟಿ ಅಣೆಕಟ್ಟಿನ ಮಟ್ಟ 519.60 ಮೀಟರ್‌ನಿಂದ 524.256ಕ್ಕೆ ಏರಿಸುವ ಯೋಜನೆ ಇದೆ ಅಲ್ವಾ, ಆ ಸೀಮೆಯಲ್ಲಿ ಯಾವ ಜಾಗ ಮುಳುಗಡೆ ಪಟ್ಟಿಯಲ್ಲಿದೆ ಅಂತ ನೋಡದೆ ಇಸಾರ (ಮುಂಗಡ ಹಣ) ಕೊಡಲೇಬಾರದು. ಬೆಲೆ ಯಾಕಿಷ್ಟು ಕಡಿಮೆ ಅಂತ ಆಗ ತಾನಾಗೇ ತಿಳಿಯುತ್ತದೆ.

ಇನ್ನು ನಮ್ಮ ವಾಡೆಯ ಕಾಗದ. ದೊಡ್ಡ ಮನೆ ಗಾವಠಾಣದಲ್ಲಿತ್ತು, ಅಂದರೆ ಊರಿನ ಮನೆಗಳಿಗೆಂದು ಗುರುತಿಸಿದ ಜಾಗದಲ್ಲಿ, ಪಂಚಾಯ್ತಿಯಿಂದ ಇ-ಸ್ವತ್ತಿನ 9 ಮತ್ತು 11ಎ ನಮೂನೆ (ಆಸ್ತಿಯ ದಾಖಲೆ) ಸಿಕ್ಕವು. ಬಿಡದಿ ಮನೆಯದು ಕೇಳಿದರೆ ಯಾರ ಹತ್ತಿರವೂ ಏನೂ ಇಲ್ಲ. ಗಾವಠಾಣದ ಗೆರೆ ಹಿತ್ತಲ ನಡುವೆಯೇ ಹಾದುಹೋಗಿತ್ತು! ಗೆರೆಯಾಚೆಯದು ಹೊಲದ ಸರ್ವೆ ನಂಬರು, ಉತಾರ (ಪಹಣಿ) ಇದ್ದದ್ದು ಮಾರುವವರ ಚಿಕ್ಕಪ್ಪನ ಹೆಸರಲ್ಲಿ, ಆತ ತೀರಿಕೊಂಡು ವರ್ಷಗಳೇ ಆಗಿದ್ದವು, ವಾರಸಾ ಮಾಡಿಸಿರಲಿಲ್ಲ. 'ಅದೆಲ್ಲ ಒಂದರಾಗ ಬರತೈತ್ರೀ' ಅಂತ ಮಧ್ಯಸ್ಥರು ಹೇಳುತ್ತಲೇ ಇದ್ದರು. ಬರುವುದಿಲ್ಲ. ಮೊದಲು ಚಿಕ್ಕಪ್ಪನ ಮಕ್ಕಳ ಹೆಸರಿಗೆ ವಾರಸಾ ಆಗಬೇಕು, ಆಮೇಲೆ ಸರ್ವೆ ನಂಬರಿನ ಆ ತುಂಡನ್ನು ಅಳೆದು ತೋರಿಸುವ 11ಇ ನಕ್ಷೆ ಆಗಬೇಕು, ಆಮೇಲೆ ಅದರದೇ ಬೇರೆ ಖರೀದಿ ಪತ್ರ. ಅಷ್ಟೂ ಅವರ ಖರ್ಚಿನಲ್ಲೇ ಆಗಲಿ, ಆಗುವ ತನಕ ವಾಡೆಯ ಹಣವನ್ನೂ ಪೂರ್ತಿ ಕೊಡುವುದಿಲ್ಲ ಅಂತ ಕರಾರಿನಲ್ಲೇ ಬರೆಸಿದೆ. ನಾನು ರೈತನಲ್ಲ, ಆದರೂ ಹೊಲ ಕೊಳ್ಳಲು ಅಡ್ಡಿಯಾಗಲಿಲ್ಲ. 2020ರ ಭೂ ಸುಧಾರಣಾ ತಿದ್ದುಪಡಿಯಲ್ಲಿ ರೈತರಲ್ಲದವರಿಗೆ ಅಡ್ಡಿಯಾಗಿದ್ದ 79ಎ, 79ಬಿ ಕಲಂ ತೆಗೆದುಹಾಕಿದ್ದಾರೆ. ಆದರೆ ಮುಂದೆ ಅಲ್ಲಿ ಬಾಡಿಗೆಗೆ ಪ್ರವಾಸಿಗರನ್ನು ಇಳಿಸುವ ಯೋಚನೆ ಇದ್ದರೆ ಎನ್‌ಎ (ಕೃಷಿಯೇತರ ಜಮೀನಾಗಿ ಪರಿವರ್ತನೆ) ಮಾಡಿಸಬೇಕಾಗುತ್ತದೆ. ನಮಗೆ ಸದ್ಯ ಆ ಯೋಚನೆ ಇಲ್ಲ.

ಹೆಣ್ಣುಮಕ್ಕಳ ಸಹಿ ಇನ್ನೊಂದು ಕಥೆ. ಮಾರುವವರ ಹಿರಿಯಣ್ಣ ಅಂದದ್ದು: 'ಅವರದೇನೂ ತಂಟೆ ಇಲ್ರೀ, ಅರಿಷಿಣ ಕುಂಕುಮ ಕೊಟ್ಟು ಕಳಿಸೇವಿ.' ಕಾನೂನು ಅದನ್ನು ಒಪ್ಪುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು, 2020ರಲ್ಲಿ ಸುಪ್ರೀಂ ಕೋರ್ಟ್ ಅದು ಹುಟ್ಟಿನಿಂದಲೇ ಬರುವ ಹಕ್ಕು ಅಂತ ಖಚಿತ ಮಾಡಿದೆ. ನಮ್ಮ ವಕೀಲರು ಮನೆತನದ ವಂಶಾವಳಿ ಹಾಕಿಸಿ, ಅಕ್ಕತಂಗಿಯರೆಲ್ಲ ಮಾರುವವರಾಗಿಯೇ ಸಹಿ ಹಾಕಬೇಕು ಅಂದರು. ಒಬ್ಬ ಅಕ್ಕ ಮಿರಜದಲ್ಲಿ. ನಾನೇ ಹೋಗಿ ಮಾತಾಡಿದೆ. ಚಹಾ ಕೊಟ್ಟು, ಕಾಗದ ಎಲ್ಲ ಓದಿ, ಕೊನೆಗೆ ಕೇಳಿದ್ದು ಇಷ್ಟೇ: 'ಪಂಚಮಿಗೆ ಒಂದಿನ ಬಂದು ಜೋಕಾಲಿ ಆಡಿ ಹೋಗ್ತೇನ್ರೀ ತಮ್ಮಾ, ಬ್ಯಾಡ ಅನಬ್ಯಾಡ್ರಿ.' ಈಗ ಪಂಚಮಿಗೆ ಬಿಡದಿ ಮನೆ ಅವರದೇ.

ಸಾಲದ ವಿಷಯ ಜಾಸ್ತಿ ಹೇಳುವುದಿಲ್ಲ. ಬ್ಯಾಂಕಿನವರು ಜಾಗಕ್ಕೆ ಬೆಲೆ ಕಟ್ಟಿದರು, ಮಣ್ಣು-ಕಲ್ಲಿನ ಗೋಡೆಗೆ ಕಟ್ಟಲಿಲ್ಲ. ಕೈಯಲ್ಲಿ ಹಣ ಇಟ್ಟುಕೊಂಡೇ ಇಳಿಯಿರಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2 ಆಗಿದೆ, ಮುದ್ರಾಂಕ ಶುಲ್ಕ ಬೇರೆ, ಅದನ್ನೂ ಲೆಕ್ಕ ಹಿಡಿಯಿರಿ.

ಇಸಾರ ಕೊಡುವ ದಿನ ನಾನು ಒಂದು ಕೆಲಸ ಮಾಡಿದೆ, ಇದನ್ನು ಎಲ್ಲರಿಗೂ ಹೇಳುತ್ತೇನೆ. ತಲಬಾಗಿಲು, ಚೌಕಟ್ಟು, ಕಂಬ, ದೇವರ ಮನೆಯ ಬಾಗಿಲು, ಗೋಡೆಯ ಸಾಗವಾನಿ ಕಪಾಟು, ಹಗೇವಿನ ಮುಚ್ಚಳಗಲ್ಲು ಸಹ, ಎಲ್ಲದರ ಫೋಟೋ ತೆಗೆದು ಕರಾರಿಗೆ ಲಗತ್ತಿಸಿದೆ. ಹಳೇ ಕಟ್ಟಿಗೆ ಕೊಳ್ಳುವವರು ಊರೂರು ತಿರುಗುತ್ತಿರುತ್ತಾರೆ. ಇಸಾರಕ್ಕೂ ನೋಂದಣಿಗೂ ನಡುವೆ ಬಾಗಿಲು ಮಾಯವಾದರೆ ನೀವು ಯಾರನ್ನು ಕೇಳುತ್ತೀರಿ?

ಮನೆ ನೋಡಲು ಬೇಸಿಗೆಯಲ್ಲಿ ಹೋಗಬೇಡಿ. ಬೇಸಿಗೆಯಲ್ಲಿ ಮಣ್ಣಿನ ಮಾಳಿಗೆಯ ಮನೆ ಎಷ್ಟು ತಂಪಿರುತ್ತದೆ ಅಂದರೆ ಯಾರಾದರೂ ಅಲ್ಲೇ ಒಪ್ಪಿಬಿಡುತ್ತಾರೆ. ಮಳೆಯಲ್ಲಿ ಹೋಗಿ. ಜಂತಿಗಳ ತುದಿ ಗೋಡೆಯೊಳಗೆ ಹೋಗಿ ಕೂತಿರುತ್ತದಲ್ಲ, ಅಲ್ಲಿ ಏಣಿ ಹಾಕಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಕಟ್ಟಿಗೆ ಗಟ್ಟಿ ಇದ್ದರೆ ಬರೀ ಗೀರು ಬೀಳುತ್ತದೆ. ಒರಲೆ ತಿಂದಿದ್ದರೆ ಹಿಡಿಕೆಯವರೆಗೂ ಒಳಗೆ ಹೋಗುತ್ತದೆ, ಹೊರಗಿನಿಂದ ಮಾತ್ರ ಬಣ್ಣ ಹಚ್ಚಿದ ಹಾಗೇ ಕಾಣುತ್ತಿರುತ್ತದೆ. ನಮ್ಮ ಪಡಸಾಲೆಯ ಮೂಲೆಯಲ್ಲಿ ಹೀಗೇ ಆಯಿತು, ಬೆಲೆ ಇಳಿಸಲು ಅದೇ ಸಾಕಾಯಿತು. ಇನ್ನೊಂದು, ಗೋಡೆ ಹೊಟ್ಟೆ ಬಿಟ್ಟಿದೆಯೇ ನೋಡಿ. ಎರಡೂ ಮುಖಕ್ಕೆ ಕಲ್ಲು, ನಡುವೆ ಮಣ್ಣು ತುಂಬಿದ ಗೋಡೆಗಳು ಇವು, ಮಾಳಿಗೆಯ ನೀರು ಒಳಗಿಳಿದರೆ ಮಣ್ಣು ಉಬ್ಬಿ ಕಲ್ಲನ್ನು ಹೊರಗೆ ದಬ್ಬುತ್ತದೆ. ನದಿ ಹತ್ತಿರದ ಊರಾದರೆ 2019ರ ಆಗಸ್ಟ್‌ನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಮಾರುವವರನ್ನಲ್ಲ, ಎದುರು ಮನೆಯವರನ್ನು ಕೇಳಿ. ಆ ವರ್ಷ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳಿಗೇ ನುಗ್ಗಿತ್ತು.

ಖರೀದಿ ಆದ ಮೇಲೆ ಬಿಡದಿ ಮನೆಯ ನಿಜವಾದ ಬೆಲೆ ತಿಳಿಯಿತು. ಅದನ್ನು ಮೊದಲು ಸರಿಮಾಡಿಸಿ, ಹೆಸ್ಕಾಂ ಮೀಟರ್ ನಮ್ಮ ಹೆಸರಿಗೆ ಮಾಡಿಸಿ, ರಜೆ ಬಂದಾಗಲೆಲ್ಲ ಅಲ್ಲೇ ಇದ್ದು ವಾಡೆಯ ಕೆಲಸ ಮಾಡಿಸಿದೆವು. ಕೆಲಸದ ಹತ್ತಿರ ಮಾಲಕ ಇದ್ದರೆ ಗೌಂಡಿಗಳು ಕೇಳಿ ಮಾಡುತ್ತಾರೆ, ಇಲ್ಲದಿದ್ದರೆ ಸುಮ್ನೆ ಸಿಮೆಂಟ್ ಬಳಿದು ಹೋಗುತ್ತಾರೆ. ನಮಗೆ ಸಿಕ್ಕ ಹಿರಿಯ ಗೌಂಡಿ ಮಾತ್ರ ತದ್ವಿರುದ್ಧ. ಕಲ್ಲಿನ ಸಂದಿಗೆ ಸಿಮೆಂಟ್ ತುಂಬಿಸೋಣ ಅಂದರೆ, 'ಒಳಗ ಹೋದ ನೀರು ಹೊರಗ ಬರಾಕ ದಾರಿ ಎಲ್ಲೈತ್ರೀ ಸರ?' ಅಂತ ಕೇಳಿ ಸುಣ್ಣದ ಗಾರೆಯೇ ಕಲಿಸಿದರು. ಮಾಳಿಗೆಗೆ ಕಾಂಕ್ರೀಟ್ ಹಾಕುವ ಮಾತಿಗೂ ಅವರದು ಅದೇ ಮುಖ. ಈ ಜಂತಿಗಳು ಆ ಭಾರ ಹೊರುವುದಿಲ್ಲ ಅಂದರು. ಹಳೇ ಮಣ್ಣು ಇಳಿಸಿ, ಕೆಟ್ಟ ಜಂತಿ ಬದಲಿಸಿ, ಮಾಳಿಗೆಗೆಂದೇ ಬಳಸುವ ಹಾಳಮಣ್ಣು ಹಾಕಿ, ಬಡಿದು ಧಮ್ಮಸ್ ಮಾಡಿ, ನೀರು ಹೋಗುವ ಕಡೆ ಇಳಿಜಾರು ಕೊಟ್ಟರು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ನೋಡಬೇಕು, ಹುಲ್ಲು ಕೀಳಬೇಕು. ಇದು ಬೇಡ ಅನ್ನುವವರು ವಾಡೆಯ ಗೋಜಿಗೆ ಹೋಗದಿರುವುದೇ ಒಳ್ಳೆಯದು.

ಹೊಸದಾಗಿ ಕಟ್ಟಿಸಿದ್ದು ಶೌಚಾಲಯ, ಬಚ್ಚಲು ಮಾತ್ರ. ಅವೆರಡನ್ನೂ ಬಿಡದಿ ಮನೆಗೆ ಹೊಂದಿಸಿ ಕಟ್ಟಿಸಿ, ಗುಂಡಿಯನ್ನು ವಾಡೆಯ ಗೋಡೆಯಿಂದಲೂ ಹಗೇವಿನಿಂದಲೂ ದೂರ ತೆಗೆಸಿದೆವು. ರಾತ್ರಿ ಹಿತ್ತಲ ದಾಟಿ ಹೋಗಬೇಕು, ಮಕ್ಕಳು ಗೊಣಗುತ್ತಾರೆ, ಅದಕ್ಕೊಂದು ಲೈಟ್ ಹಾಕಿಸಿದ್ದೇನೆ.