ಹೊಸದಾಗಿ ಬಂದವರಿಗೆ: ಹಬ್ಬದ ತಿಂಗಳುಗಳಲ್ಲಿ ಮನೆಯ ಕಸ

ಬೆಂಗಳೂರಿಗೆ ಬಂದಿದ್ದೀರಿ, ನಮ್ಮ ಬಡಾವಣೆಗೆ ಬಂದಿದ್ದೀರಿ, ತುಂಬಾ ಸಂತೋಷ. ಬಾಡಿಗೆ ಕರಾರು, ಗ್ಯಾಸ್, ಸ್ಕೂಲ್ ಅಡ್ಮಿಷನ್ ಇವಕ್ಕೆಲ್ಲ ನಮ್ಮ ಕನ್ನಡ ಸಂಘದ ಬೇರೆ ಹಾಳೆಗಳಿವೆ. ಇದು ಬರೀ ಕಸದ ವಿಷಯ. ಗಣೇಶನ ಹಬ್ಬದಿಂದ ದೀಪಾವಳಿವರೆಗೆ ನಮ್ಮ ಬೀದಿಯಲ್ಲಿ ಕಸ ಕಣ್ಣಿಗೆ ರಾಚುವಷ್ಟು ಜಾಸ್ತಿಯಾಗುತ್ತದೆ. ಅದರ ಮೇಲೆ ಮಳೆ ಬೇರೆ. ಹಾಗಾಗಿ ಈ ಹಾಳೆಯನ್ನು ಹಬ್ಬದ ಸಾಮಾನು ತರುವ ಮೊದಲೇ ಓದಿ.

ನಾನು ಹಾಸನದ ಕಡೆಯ ಹಳ್ಳಿಯಿಂದ ಬಂದವಳು. ನಮ್ಮನೆಯಲ್ಲಿ ತರಕಾರಿ ಸಿಪ್ಪೆ, ಕಲಗಚ್ಚು ಎಮ್ಮೆಗೆ. ಒಲೆ ಬೂದಿ ಪಾತ್ರೆ ತಿಕ್ಕೋಕೆ. ಉಳಿದದ್ದು ಹಿತ್ತಲಾಚೆ ತಿಪ್ಪೆಗೆ, ಬೇಸಿಗೆ ಕಳೆಯುವಷ್ಟರಲ್ಲಿ ಅದೇ ಹೊಲಕ್ಕೆ ಗೊಬ್ಬರ. ಇಲ್ಲಿಗೆ ಬಂದ ಮೇಲೂ ಅದೇ ಅಭ್ಯಾಸ. ಎಲ್ಲ ಒಂದೇ ಕವರಿಗೆ ತುಂಬಿ, ಗಂಟು ಹಾಕಿ, ಗೇಟಿನ ಹೊರಗಿಟ್ಟರೆ ಮುಗೀತು ಅಂದುಕೊಂಡಿದ್ದೆ. ನಿಮ್ಮಲ್ಲೂ ಬಹಳ ಜನ ಹಾಗೇ ಮಾಡ್ತಾ ಇರ್ತೀರಿ, ಅಲ್ವಾ? ತಿಪ್ಪೆಗೆ ಹೋದದ್ದನ್ನು ಮಣ್ಣು ನೋಡಿಕೊಳ್ಳುತ್ತಿತ್ತು. ಇಲ್ಲಿ ನೀವು ಗಂಟು ಹಾಕಿದ ಕವರನ್ನು ಒಬ್ಬರು ಬಿಚ್ಚಿ, ಕೈ ಹಾಕಿ, ಬೇರೆ ಬೇರೆ ಮಾಡಬೇಕು. ಈ ಒಂದು ಮಾತು ಮನಸ್ಸಿಗೆ ಬಂದರೆ ಮುಂದಿನದೆಲ್ಲ ಸುಲಭ.

ಎರಡು ಬುಟ್ಟಿ, ಒಂದು ಚೀಲ

2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆದೇಶ ಮಾಡಿದ ಮೇಲೆ ಇಡೀ ಊರಿಗೆ ಇದೇ ಪದ್ಧತಿ. ಹಸಿರು ಬುಟ್ಟಿಗೆ ಹಸಿ ಕಸ: ಅಡುಗೆಮನೆಯದ್ದು, ಹೂವು, ಊಟದೆಲೆ. ಚೀಲಕ್ಕೆ ಒಣ ಕಸ: ಪೇಪರ್, ಪ್ಲಾಸ್ಟಿಕ್, ರಟ್ಟು, ತಗಡು. ಕೆಂಪು ಬುಟ್ಟಿಗೆ ಪ್ಯಾಡು, ಡೈಪರ್, ಬ್ಯಾಂಡೇಜು, ಗುಡಿಸಿದ ಧೂಳು. ಪ್ಯಾಡು, ಡೈಪರ್‌ಗಳನ್ನು ಪೇಪರ್‌ನಲ್ಲಿ ಸುತ್ತಿ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಇದರಲ್ಲಿ ನಾಚಿಕೆ ಏನಿಲ್ಲ. ಗುರುತು ಇದ್ದರೆ ಯಾರೂ ಬಿಚ್ಚಿ ನೋಡುವುದಿಲ್ಲ.

ಹಸಿ ಕಸದ ಬುಟ್ಟಿಗೆ ಪ್ಲಾಸ್ಟಿಕ್ ಕವರ್ ಹಾಸಬೇಡಿ. ಹಳೇ ಪೇಪರ್ ಹಾಸಿ. ಬುಟ್ಟಿ ಗಲೀಜಾಗುತ್ತೆ ಅಂತೀರಿ, ಗೊತ್ತು. ತೊಳೆಯಿರಿ.

ಒಣ ಕಸ ನಿಜವಾಗಿ ಒಣಗಿರಬೇಕು. ಅಕ್ಟೋಬರ್‌ನಲ್ಲಿ ಹಿಂಗಾರು ಮಳೆ ಸಂಜೆ ಹೊತ್ತಿಗೆ ಸುರಿದೇ ಸುರಿಯುತ್ತದೆ. ಚೀಲವನ್ನು ಬಾಲ್ಕನಿಯಲ್ಲೋ ಗೇಟಿನ ಹತ್ತಿರವೋ ಇಟ್ಟರೆ ಪೇಪರ್, ರಟ್ಟು ನೆಂದು ಮುದ್ದೆಯಾಗುತ್ತವೆ. ಅಂಥದ್ದನ್ನು ಗುಜರಿಯವರೂ ಮುಟ್ಟುವುದಿಲ್ಲ, ಒಣ ಕಸ ಸಂಗ್ರಹ ಕೇಂದ್ರದವರೂ ಮಾರಲಾರರು. ಅಡುಗೆಮನೆ ಬಾಗಿಲ ಹಿಂದೆ ಒಂದು ಮೊಳೆ ಹೊಡೆದು ಅಲ್ಲೇ ನೇತುಹಾಕಿ.

ಹಾಲಿನ ಪ್ಯಾಕೆಟ್ ಬಗ್ಗೆ ಒಂದು ಮಾತು. ದಿನಕ್ಕೆ ಎರಡು ನಂದಿನಿ ಪ್ಯಾಕೆಟ್ ಅಂದರೂ ತಿಂಗಳಿಗೆ ಅರವತ್ತು. ಮೂಲೆ ಕತ್ತರಿಸುವಾಗ ಪೂರ್ತಿ ಕತ್ತರಿಸಬೇಡಿ. ಒಂದು ಎಳೆಯಷ್ಟು ಬಿಡಿ, ಮೂಲೆ ಪ್ಯಾಕೆಟ್ಟಿಗೇ ನೇತಾಡಿಕೊಂಡಿರಲಿ. ಕತ್ತರಿಸಿ ಬಿದ್ದ ಆ ಚಿಕ್ಕ ಚೂರನ್ನು ಯಾರ ಕೈಯಲ್ಲೂ ಆರಿಸೋಕಾಗಲ್ಲ. ಸಿಂಕಿನಿಂದ ಮೋರಿಗೆ, ಮೋರಿಯಿಂದ ಕೆರೆಗೆ ಹೋಗುತ್ತದೆ. ಖಾಲಿ ಪ್ಯಾಕೆಟ್ಟಿಗೆ ಒಂದು ಲೋಟ ನೀರು ಹಾಕಿ ಕುಲುಕಿ, ಆ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದು, ಪ್ಯಾಕೆಟ್ಟನ್ನು ನಲ್ಲಿ ಮೇಲೆ ಬೋರಲು ಹಾಕಿಬಿಡಿ. ಸಂಜೆಗೆ ಒಣಗಿರುತ್ತದೆ.

ನಮ್ಮ ಬೀದಿಗೆ ಹಸಿ ಕಸದ ಗಾಡಿ ದಿನಾ ಬೆಳಿಗ್ಗೆ ಬರುತ್ತದೆ. ಒಣ ಕಸಕ್ಕೆ ಗೊತ್ತಾದ ದಿನಗಳಿವೆ. ನಿಮ್ಮ ಬೀದಿಯ ದಿನ ಯಾವುದು ಅಂತ ಗಾಡಿಯವರನ್ನೇ ಕೇಳಿ. ಕೆಲಸಕ್ಕೆ ಬೇಗ ಹೋಗುವವರು ಪಕ್ಕದ ಮನೆಯವರಿಗೆ ಹೇಳಿ ಹೋಗಿ. ಆಫೀಸಿಗೆ ಹೋಗುತ್ತಾ ಸ್ಕೂಟರಿಗೆ ಕವರ್ ಸಿಕ್ಕಿಸಿಕೊಂಡು ಖಾಲಿ ಸೈಟಿಗೆ ಎಸೆಯುವುದನ್ನು ಮಾತ್ರ ನಾವು ಸಹಿಸುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಹೀಗೆ ರಸ್ತೆಗೆ ಎಸೆದವರ ಮನೆ ಬಾಗಿಲಿಗೇ ಕಸ ತಂದು ಸುರಿದು ದಂಡ ಹಾಕಿದ್ದಾರೆ.

ಗಾಜು, ಬಳೆ, ಬ್ಲೇಡು

ಇದನ್ನು ದಯವಿಟ್ಟು ಎರಡು ಸಲ ಓದಿ.

ನಾನು ಬಂದ ಮೊದಲ ವರ್ಷ. ಗೌರಿ ಹಬ್ಬಕ್ಕೆ ಕೈ ತುಂಬ ಹಸಿರು ಗಾಜಿನ ಬಳೆ ತೊಡಿಸಿಕೊಂಡಿದ್ದೆ. ದಸರಾಕ್ಕೆ ಮನೆ ತೊಳೆಯುವಾಗ ನಾಲ್ಕು ಬಳೆ ಒಡೆದವು. ಚೂರು ಗುಡಿಸಿ ಸಿಪ್ಪೆಯ ಕವರಿಗೇ ಹಾಕಿದೆ. ಮಾರನೇ ದಿನ ಬೆಳಿಗ್ಗೆ ಗಾಡಿ ಬಂದಾಗ ನಾನು ಅಲ್ಲೇ ನಿಂತಿದ್ದೆ. ಕಸದ ಅಕ್ಕ ನನ್ನ ಕವರನ್ನು ಹರಿದು, ಸುರಿದು, ಸಿಪ್ಪೆಯ ನಡುವೆ ಬೆರಳಾಡಿಸಿ ಪ್ಲಾಸ್ಟಿಕ್ ಆರಿಸುತ್ತಿದ್ದರು. ಥಟ್ಟನೆ ಕೈ ಹಿಂದಕ್ಕೆಳೆದುಕೊಂಡರು. ಹೆಬ್ಬೆರಳ ಬುಡದಿಂದ ರಕ್ತ. ಕೋಟಿನ ತುದಿಯಲ್ಲಿ ಒತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಮತ್ತೆ ಆರಿಸತೊಡಗಿದರು. ಸಿಪ್ಪೆಯ ಮೇಲೆ ಹಸಿರು ಚೂರು ಹೊಳೆಯುತ್ತಿತ್ತು. ಅವರು ಬೈಯಲಿಲ್ಲ. "ಗಾಜಿದ್ರೆ ಹೇಳ್ರಮ್ಮ, ಬೇರೆ ಕೊಡಿ" ಅಂದರು, ಅಷ್ಟೇ. ಮನೆಗೆ ಓಡಿ ಅರಿಶಿನ, ಬಟ್ಟೆ ತರುವಷ್ಟರಲ್ಲಿ ಗಾಡಿ ಮುಂದಿನ ತಿರುವಿನಲ್ಲಿತ್ತು.

ಅವತ್ತಿನಿಂದ ನಮ್ಮನೆಯಲ್ಲಿ ಹೀಗೆ ಮಾಡುತ್ತೇವೆ. ಒಡೆದ ಗಾಜನ್ನು ನಾಲ್ಕು ಪದರ ಪೇಪರ್‌ನಲ್ಲಿ ಸುತ್ತಿ, ರಟ್ಟಿನ ಡಬ್ಬಿಗೆ ಹಾಕಿ, ಟೇಪ್ ಅಂಟಿಸಿ, ಮೇಲೆ ದಪ್ಪಕ್ಷರದಲ್ಲಿ "ಗಾಜು" ಅಂತ ಬರೆಯುತ್ತೇವೆ. ಯಾವ ಬುಟ್ಟಿಗೂ ಹಾಕುವುದಿಲ್ಲ. ಕೈಗೇ ಕೊಡುತ್ತೇವೆ, ಬಾಯಲ್ಲೂ ಹೇಳುತ್ತೇವೆ. ಬ್ಲೇಡು, ಪಿನ್ನು, ತುಂಡಾದ ಸೂಜಿಗೆ ಹಳೇ ಪೌಡರ್ ಡಬ್ಬ. ಅದು ತುಂಬೋಕೆ ವರ್ಷವೇ ಬೇಕು. ಮನೆಯಲ್ಲಿ ಇನ್ಸುಲಿನ್ ತಗೊಳ್ಳುವ ಹಿರಿಯರಿದ್ದರೆ ಸೂಜಿಗಳಿಗೆ ಗಟ್ಟಿ ಬಾಟಲಿ ಇಟ್ಟು, ಮುಚ್ಚಳ ಬಿಗಿ ಮಾಡಿ, ಹೆಸರು ಬರೆದು ಕೊಡಿ. ಟ್ಯೂಬ್‌ಲೈಟ್ ಒಡೆಯಲೇಬೇಡಿ, ಒಳಗೆ ಪಾದರಸ ಇರುತ್ತದೆ. ಅದನ್ನು ಹಳೇ ಚಾರ್ಜರ್, ಬ್ಯಾಟರಿ, ಮೊಬೈಲ್ ಜೊತೆ ಇ-ಕಸಕ್ಕೆ ಬೇರೆ ಇಡಿ.

ಕಸದ ಗಾಡಿಯವರನ್ನು "ಏಯ್" ಅಂತ ಕರೆಯಬೇಡಿ. ಅಕ್ಕ, ಅಣ್ಣ ಅನ್ನಿ. ಮಕ್ಕಳಿಗೂ ಹೇಳಿಕೊಡಿ.

ಗಣೇಶನಿಂದ ದೀಪಾವಳಿವರೆಗೆ

ಮಣ್ಣಿನ ಗಣೇಶನನ್ನೇ ತನ್ನಿ, ಬಣ್ಣ ಬಳಿಯದ್ದು. ಚಿಕ್ಕ ಮೂರ್ತಿಯಾದರೆ ಮನೆಯಲ್ಲೇ ಬಕೆಟ್‌ನಲ್ಲಿ ಬಿಡಬಹುದು. ಹೂವು, ಗರಿಕೆ, ಜನಿವಾರ, ವಸ್ತ್ರ ಮೊದಲು ತೆಗೆಯಿರಿ. ಕರಗಿದ ಮಣ್ಣು ತುಳಸಿ ಕುಂಡಕ್ಕೆ. ಬೀದಿಗೆ ಬರುವ ಪಾಲಿಕೆ ಟ್ಯಾಂಕರ್‌ನಲ್ಲಿ ಬಿಡುವವರೂ ಹೂವನ್ನು ಬೇರೆ ಕೊಡಬೇಕು. ಮಂಟಪಕ್ಕೆ ಥರ್ಮೋಕೋಲ್ ಬೇಡ.

ಸೇವಂತಿಗೆ, ಚೆಂಡುಹೂವಿನ ಹಾರ ಹಸಿ ಕಸಕ್ಕೆ ಹಾಕುವ ಮುಂಚೆ ದಾರ ಎಳೆದುಬಿಡಿ. ಒಂದು ಹಾರಕ್ಕೆ ಅರ್ಧ ನಿಮಿಷ. ದಾರ ಗೊಬ್ಬರದಲ್ಲಿ ಬೇಗ ಕರಗುವುದಿಲ್ಲ, ಯಂತ್ರಕ್ಕೆ ಸುತ್ತಿಕೊಳ್ಳುತ್ತದೆ. ತೆಂಗಿನ ಚಿಪ್ಪು, ಎಳನೀರು ಬುರುಡೆಯನ್ನೂ ಬೇರೆ ಇಡಿ.

ಆಯುಧಪೂಜೆಗೆ ಬೂದುಗುಂಬಳ ಒಡೆಯುವುದು ನಮ್ಮ ಪದ್ಧತಿ, ಬಿಡಿ ಅಂತ ಯಾರೂ ಹೇಳುವುದಿಲ್ಲ. ಆದರೆ ಒಡೆದು ಕೈ ಮುಗಿದು ಒಳಗೆ ಹೋಗಿಬಿಟ್ಟರೆ? ಕುಂಕುಮ ಹಾಕಿದ ತಿರುಳು ರಸ್ತೆಗೆ ಅಂಟಿ ಜಾರುತ್ತದೆ. ಬೈಕಿನವರು ಬೀಳುತ್ತಾರೆ. ರಸ್ತೆಯ ಅಂಚಿಗೆ ಒಡೆಯಿರಿ. ಹತ್ತು ನಿಮಿಷ ಬಿಟ್ಟು ಚೂರೆಲ್ಲ ಎತ್ತಿ, ನಾಣ್ಯ ತೆಗೆದು, ಹಸಿ ಕಸಕ್ಕೆ ಹಾಕಿ, ಒಂದು ಬಕೆಟ್ ನೀರು ಸುರಿಯಿರಿ. ಬಾಳೆಕಂದನ್ನು ಮೊಳದುದ್ದಕ್ಕೆ ಕತ್ತರಿಸಿ ಕೊಡಿ. ಗೇಟಿಗೆ ಕಟ್ಟಿದ್ದನ್ನು ಕೊಳೆಯುವ ತನಕ ಬಿಡಬೇಡಿ. ಹಬ್ಬ ಕಳೆದ ಬೆಳಿಗ್ಗೆ ಕೆ.ಆರ್. ಮಾರ್ಕೆಟ್ ಸುತ್ತ ಒಮ್ಮೆ ನೋಡಿ, ಮಾರಾಟವಾಗದ ಬಾಳೆಕಂದು, ಕುಂಬಳ, ಹೂವು ಗುಡ್ಡೆ ಬಿದ್ದಿರುತ್ತವೆ. ಪಾಲಿಕೆ ಗಾಡಿಗಳೆಲ್ಲ ಆ ರಾಶಿಯ ಹಿಂದೆ ಓಡುವ ದಿನ ಅದು. ನಮ್ಮ ಬೀದಿಯ ಪಾಲಿನ ಕೆಲಸವನ್ನಾದರೂ ನಾವು ಮಾಡಿಕೊಳ್ಳೋಣ.

ಊಟಕ್ಕೆ ನಿಜವಾದ ಬಾಳೆ ಎಲೆ, ಮುತ್ತುಗದೆಲೆ, ಅಡಿಕೆ ಹಾಳೆ ತಟ್ಟೆ. ಅಂಗಡಿಯಲ್ಲಿ ಸಿಗುವ ಹಸಿರು ಬಣ್ಣದ ಪೇಪರ್ ಎಲೆಗೂ ಪೇಪರ್ ಲೋಟಕ್ಕೂ ತೆಳ್ಳಗೆ ಪ್ಲಾಸ್ಟಿಕ್ ಬಳಿದಿರುತ್ತಾರೆ. ಎಂಜಲಾದ ಮೇಲೆ ಅದು ಹಸಿಯೂ ಅಲ್ಲ, ಒಣವೂ ಅಲ್ಲ.

ದೀಪಾವಳಿಗೆ: ಸುರುಸುರು ಬತ್ತಿ ಉರಿದ ಕಂಬಿಗಳನ್ನು ನೀರಿನ ಬಕೆಟ್‌ಗೆ ಹಾಕಿ, ಬರಿಗಾಲಿನವರು ತುಳಿಯುತ್ತಾರೆ. ಸುಟ್ಟ ಪಟಾಕಿ ಕೆಂಪು ಬುಟ್ಟಿಗೆ. ಖಾಲಿ ಬಾಕ್ಸ್ ಒಣ ಚೀಲಕ್ಕೆ. ಮಣ್ಣಿನ ಹಣತೆ ಒರೆಸಿ ಎತ್ತಿಡಿ, ಮುಂದಿನ ವರ್ಷಕ್ಕಾಗುತ್ತದೆ. ಏನನ್ನೂ ರಸ್ತೆಯಲ್ಲಿ ಸುಡಬೇಡಿ, ಒಣಗಿದ ಎಲೆಯನ್ನೂ ಸುಡಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇವೆ

ಈ ಊರಿನ ಕಸ ಒಂದು ಕಾಲದಲ್ಲಿ ಯಲಹಂಕದ ಆಚೆಯ ಮಾವಳ್ಳಿಪುರಕ್ಕೆ ಹೋಗುತ್ತಿತ್ತು. ಅಲ್ಲಿನವರ ನೀರು ಕೆಟ್ಟಿತು, ನೊಣ, ನಾತ, ಕಾಯಿಲೆ. 2012ರಲ್ಲಿ ಆ ಜಾಗ ಮುಚ್ಚಿತು. ಬೆಂಗಳೂರಿನ ಬೀದಿಬೀದಿಯಲ್ಲಿ ಕಸ ಗುಡ್ಡೆ ಬಿತ್ತು. ಆಮೇಲೆ ಹೊರೆಯೆಲ್ಲ ಮಂಡೂರಿನ ಮೇಲೆ. ಅವರೂ ರಸ್ತೆಗಿಳಿದು ಗಾಡಿ ತಡೆದರು. 2014ರ ಕೊನೆಗೆ ಅದೂ ನಿಂತಿತು. ಈಗ ಮಿಟ್ಟಗಾನಹಳ್ಳಿಯ ಕಲ್ಲು ಕ್ವಾರಿ. ಮಾವಳ್ಳಿಪುರ, ಮಂಡೂರು ನಮ್ಮೂರಿನಂಥವೇ ಊರುಗಳು. ರಾಗಿ ಬೆಳೆಯುವವರು, ಹಸು ಕಟ್ಟುವವರು. ನಮ್ಮೂರ ಬಾವಿಗೆ ಯಾರಾದರೂ ಹೀಗೆ ಮಾಡಿದ್ದರೆ ಸುಮ್ನೆ ಇರ್ತಿದ್ವಾ?

"ನಾವು ಬಾಡಿಗೆಯವರು, ನಮಗ್ಯಾಕೆ" ಅನ್ನಬೇಡಿ. ನೀವು ತಿಂದ ಬಾಳೆಹಣ್ಣಿನ ಸಿಪ್ಪೆ ಓನರ್‌ದಲ್ಲ.

ಗೊಬ್ಬರ

ಬಾಲ್ಕನಿ ಇದ್ದರೆ ಸಾಕು. 20 ಲೀಟರಿನ ಎರಡು ಪೇಂಟ್ ಬಕೆಟ್, ಸುತ್ತ ತೂತು. ಕೆಳಗೆ ತೆಂಗಿನ ನಾರು. ಒಂದು ಪದರ ಸಿಪ್ಪೆ, ಮೇಲೆ ಎರಡು ಹಿಡಿ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ. ಮೊದಲ ಸಲ ಒಂದು ಸೌಟು ಹುಳಿ ಮಜ್ಜಿಗೆ ಚಿಮುಕಿಸಿ. ಎರಡು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ. ತುಂಬಿದ ಮೇಲೆ ಎರಡು ತಿಂಗಳು ಹಾಗೇ ಬಿಟ್ಟು ಎರಡನೇ ಬಕೆಟ್ ಶುರು ಮಾಡಿ.

ಮಳೆಗಾಲದಲ್ಲಿ ಹುಳ ಬಂತು, ನಾತ ಬಂತು ಅಂತ ಅರ್ಧಕ್ಕೇ ಬಿಡುವವರೇ ಜಾಸ್ತಿ. ಅದು ನೀರು ಜಾಸ್ತಿಯಾದ ಲಕ್ಷಣ, ಅಷ್ಟೇ. ಒಣ ಎಲೆ ಇನ್ನಷ್ಟು ಹಾಕಿ. ಬೆಂಗಳೂರಿನಲ್ಲಿ ಎಲೆ ಹೆಚ್ಚು ಉದುರುವುದು ಡಿಸೆಂಬರ್ ನಂತರ. ಹಾಗಾಗಿ ಹಳಬರು ಆಗಲೇ ಎರಡು ಗೋಣಿ ತುಂಬಿಟ್ಟುಕೊಂಡಿರುತ್ತಾರೆ, ಕೇಳಿದರೆ ಕೊಡುತ್ತಾರೆ. ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಬಟ್ಟೆ ಚೀಲ ಹಿಡಿದು ಹೋಗಿ ಬನ್ನಿ. ತಿಂದ ಸಿಪ್ಪೆಯನ್ನೂ ಬಕೆಟ್‌ಗೇ ಹಾಕಿ, ಚೆನ್ನಾಗಿ ಗಾಳಿಯಾಡುತ್ತದೆ. ಕಣ್ಣಾರೆ ನೋಡಿ ಕಲಿಯಬೇಕು ಅನ್ನುವವರಿಗೆ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಸ್ವಚ್ಛಗೃಹ ಕಲಿಕಾ ಕೇಂದ್ರ ಇದೆ.

ಚಿಕ್ಕಪುಟ್ಟ ವಿಷಯ

ಗುಜರಿ ಅಂಗಡಿಗೆ: ಪೇಪರ್, ರಟ್ಟು, ಒಡೆಯದ ಬಾಟಲಿ, ಕಬ್ಬಿಣ, ಅಲ್ಯೂಮಿನಿಯಂ.
ಮಾರ್ಕೆಟ್‌ಗೆ: ಎರಡು ಬಟ್ಟೆ ಚೀಲ. ಇಡ್ಲಿ ಹಿಟ್ಟು, ಮಾಂಸ, ಮೊಸರಿಗೆ ಸ್ಟೀಲ್ ಡಬ್ಬಿ.
ಹಳೇ ಬಟ್ಟೆ: ಒಗೆದು, ಮಡಚಿ ಕೊಡಿ.
ಶುಲ್ಕ: 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆಗೇ ಸೇರಿದೆ. 600 ಚದರ ಅಡಿವರೆಗಿನ ಮನೆಗೆ ತಿಂಗಳಿಗೆ 10 ರೂಪಾಯಿ, 4000 ದಾಟಿದರೆ 400.
ದೂರು: 1533. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಅನ್ನುವ ಒಂದೇ ಪಾಲಿಕೆ ಬದಲು ಐದು ಪಾಲಿಕೆಗಳಿವೆ, ನಿಮ್ಮದು ಯಾವುದು ಅಂತ ತಿಳಿದುಕೊಂಡಿರಿ.

ರಾಜ್ಯೋತ್ಸವ

ನವೆಂಬರ್ 1ಕ್ಕೆ ಎಲ್ಲರೂ ಬರಲೇಬೇಕು. ಬಟ್ಟೆ ಬಾವುಟ ಸಂಘದಲ್ಲೇ ಇದೆ, ಹೊಲಿಸಿಟ್ಟಿದ್ದೇವೆ. ಮಕ್ಕಳಿಗೆ ಪ್ಲಾಸ್ಟಿಕ್ ಬಾವುಟ ಕೊಡಿಸಬೇಡಿ. ಎರಡನೇ ತಾರೀಖು ಹಳದಿ ಕೆಂಪು ಬಾವುಟ ಚರಂಡಿಯಲ್ಲಿ ಬಿದ್ದಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕನ್ನಡ ಸಂಘದ ಕಾರ್ಯಕ್ರಮ ಮುಗಿದ ಮೈದಾನ ಬೆಳಿಗ್ಗೆ ಇದ್ದದ್ದಕ್ಕಿಂತ ಚೊಕ್ಕಟವಾಗಿರುತ್ತದೆ ಅಂತ ಬಡಾವಣೆಯವರೆಲ್ಲ ಹೇಳುತ್ತಾರೆ. ಆ ಹೆಸರು ಉಳಿಸಿಕೊಡಿ.

ಅವತ್ತಿನ ಊಟಕ್ಕೆ ಸಂಘದ ಸ್ಟೀಲ್ ತಟ್ಟೆ, ಲೋಟಗಳೇ. ನಿಮ್ಮ ಮನೆಯ ನಾಮಕರಣ, ಸತ್ಯನಾರಾಯಣ ಪೂಜೆಗೂ ಅವನ್ನು ಬಾಡಿಗೆ ಇಲ್ಲದೆ ಕೊಡುತ್ತೇವೆ. ಮೂರು ದಿನ ಮುಂಚೆ ಹೇಳಿ. ತೊಳೆದು, ಒರೆಸಿ, ಎಣಿಸಿ ವಾಪಸ್ ತನ್ನಿ. ಲೋಟಗಳನ್ನು ಎರಡೆರಡು ಸಲ ಎಣಿಸಿ, ಕಡಿಮೆ ಬೀಳುವುದು ಯಾವಾಗಲೂ ಲೋಟವೇ.