ಹುಬ್ಬಳ್ಳಿಯಲ್ಲಿದ್ದು ಸ್ಕೂಬಾ ಇನ್‌ಸ್ಟ್ರಕ್ಟರ್ ಆಗುವುದು ಹೇಗೆ?

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ಮುರ್ಡೇಶ್ವರಕ್ಕೆ ಹೋಗುವ ಹುಡುಗ-ಹುಡುಗಿಯರು ಈಗ ದೇವಸ್ಥಾನ ನೋಡಿ, ದಂಡೆಯಲ್ಲಿ ಕಾಲು ತೋಯಿಸಿಕೊಂಡು ವಾಪಸ್ ಬರುವುದಿಲ್ಲ. ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗುತ್ತಾರೆ. ಬೆನ್ನಿಗೆ ಟ್ಯಾಂಕ್ ಕಟ್ಟಿಕೊಂಡು ನೀರಿಗಿಳಿದು, ಮೀನಿನ ಜೊತೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಅವರಲ್ಲಿ ಒಬ್ಬಿಬ್ಬರಿಗೆ ಅಲ್ಲೇ ಆಸೆ ಹುಟ್ಟುತ್ತದೆ. ಕೈ ಹಿಡಿದು ಕೆಳಗೆ ಕರೆದೊಯ್ದರಲ್ಲ, ಆ ಕೆಲಸ ನಾವೂ ಮಾಡಬಹುದಾ?

ಮಾಡಬಹುದು. ಸಮುದ್ರ ಇಲ್ಲದ ಊರಿನವರು ಎಂಬುದು ಅಡ್ಡಿಯಲ್ಲ. ಈ ದಾರಿಯ ದೊಡ್ಡ ಭಾಗ ಈಜುಕೊಳದಲ್ಲಿ ಮತ್ತು ಓದುವ ಮೇಜಿನ ಮೇಲೆ ಮುಗಿಯುತ್ತದೆ. ಆದರೆ ಒಂದು ಮಾತು ಮೊದಲೇ ತಲೆಯಲ್ಲಿರಲಿ. ಎಷ್ಟು ಆಳಕ್ಕೆ ಹೋಗುತ್ತೀರಿ ಎಂಬುದರಿಂದ ಯಾರೂ ಇನ್‌ಸ್ಟ್ರಕ್ಟರ್ ಆಗುವುದಿಲ್ಲ. ಹೆದರಿದವರನ್ನು ನೀರಿನಡಿ ಸಮಾಧಾನ ಮಾಡಿ ಕಲಿಸುವುದೇ ಈ ಕೆಲಸ.

ಮೊದಲು ಈಜು, ಆಮೇಲೆ ಡಾಕ್ಟರು

ನೇತ್ರಾಣಿಯಲ್ಲಿ ಪ್ರವಾಸಿಗರಿಗೆ ಮಾಡಿಸುವ ಮೊದಲ ಡೈವ್‌ಗೆ ಈಜು ಬರಬೇಕಿಲ್ಲ. ಅದು ರುಚಿ ತೋರಿಸುವುದಷ್ಟೇ, ಅದರಿಂದ ಯಾವ ಅರ್ಹತೆಯೂ ಬರುವುದಿಲ್ಲ. ಸರ್ಟಿಫಿಕೇಟ್ ಕೋರ್ಸ್ ಬೇಕೆಂದರೆ ಈಜು ಬೇಕೇ ಬೇಕು. ಮೊದಲ ಹಂತಕ್ಕೆ ನಿಲ್ಲದೆ 200 ಮೀಟರ್ ಈಜಬೇಕು. ಹತ್ತು ನಿಮಿಷ ಏನನ್ನೂ ಹಿಡಿಯದೆ ತೇಲಬೇಕು. ಮುಂದೆ ಡೈವ್‌ಮಾಸ್ಟರ್, ಅಂದರೆ ಬೇರೆ ಡೈವರ್‌ಗಳಿಗೆ ನೀರಿನಡಿ ದಾರಿ ತೋರಿಸುವವರ ಹಂತಕ್ಕೆ ಬಂದಾಗ 400 ಮೀಟರ್ ಈಜು, ಕಾಲಿಗೆ ಫಿನ್ಸ್ ಹಾಕಿ ಸ್ನಾರ್ಕೆಲ್ ಕೊಳವೆಯಲ್ಲಿ ಉಸಿರಾಡುತ್ತ 800 ಮೀಟರ್, ಸುಸ್ತಾದವರನ್ನು ಎಳೆದುಕೊಂಡು 100 ಮೀಟರ್, ಹದಿನೈದು ನಿಮಿಷ ತೇಲುವುದು ಎಲ್ಲ ಇರುತ್ತವೆ. ಈಜುವುದಕ್ಕೆ, ಎಳೆಯುವುದಕ್ಕೆ ಸಮಯ ನೋಡಿ ಅಂಕ ಕೊಡುತ್ತಾರೆ.

ನಮ್ಮ ಕಡೆ ಹೊಲದ ಬಾವಿಯಲ್ಲಿ ಈಜು ಕಲಿತವರು ಜಾಸ್ತಿ. ಅವರಿಗೆ ನೀರಿನ ಹೆದರಿಕೆ ಇರುವುದಿಲ್ಲ, ಅದು ದೊಡ್ಡ ಆಸ್ತಿ. ಆದರೆ ತಲೆ ಎತ್ತಿಕೊಂಡು ಕೈ ಬಡಿದು ಈಜುವ ಆ ರೀತಿಯಲ್ಲಿ 400 ಮೀಟರ್ ಮುಗಿಸುವಷ್ಟರಲ್ಲಿ ಕುತ್ತಿಗೆ, ಭುಜ ಸೋತು ಹೋಗುತ್ತವೆ. ಕೊಳಕ್ಕೆ ಹೋಗಿ, ಉಸಿರಿನ ಲಯ ಹಿಡಿದು ಫ್ರೀಸ್ಟೈಲ್ ಕಲಿಯಿರಿ. ಮಳೆಗಾಲದಲ್ಲಿ ಕರಾವಳಿಯಲ್ಲಿ ಡೈವಿಂಗ್ ಬಂದ್ ಇರುತ್ತದಲ್ಲ, ಆ ತಿಂಗಳುಗಳು ಇದಕ್ಕೇ ಇರಲಿ.

ಡಾಕ್ಟರ ಬಳಿ ಹೋಗುವುದನ್ನು ಮುಂದಕ್ಕೆ ಹಾಕಬೇಡಿ. ಅಸ್ತಮಾ, ಮೂರ್ಛೆ ರೋಗ, ಹೃದಯದ ತೊಂದರೆ, ಕಿವಿಯ ತಮಟೆಯಲ್ಲಿ ತೂತು, ಇವೆಲ್ಲ ನೀರಿನಡಿ ಜೀವಕ್ಕೇ ಕುತ್ತು ತರಬಲ್ಲವು. ಕಿವಿ-ಮೂಗು-ಗಂಟಲು ತಜ್ಞರಿಗೂ ಒಮ್ಮೆ ತೋರಿಸಿ. ಇನ್‌ಸ್ಟ್ರಕ್ಟರ್ ಪರೀಕ್ಷೆಯ ಹೊತ್ತಿಗೆ ಹನ್ನೆರಡು ತಿಂಗಳೊಳಗಿನ ವೈದ್ಯಕೀಯ ಪತ್ರ ಕೇಳಿಯೇ ಕೇಳುತ್ತಾರೆ. ಲಕ್ಷಗಟ್ಟಲೆ ಸುರಿದ ಮೇಲೆ ಅಲ್ಲಿ ಸಿಕ್ಕಿಬೀಳುವ ಬದಲು ಈಗಲೇ ಗೊತ್ತಾಗುವುದು ಒಳ್ಳೆಯದು, ಅಲ್ವಾ?

ಮೆಟ್ಟಿಲುಗಳು

ಸರ್ಟಿಫಿಕೇಟ್ ಕೊಡುವುದು ಸರ್ಕಾರವಲ್ಲ, ಅಂತರರಾಷ್ಟ್ರೀಯ ತರಬೇತಿ ಸಂಸ್ಥೆಗಳು. ಪ್ಯಾಡಿ, ಎಸ್‌ಎಸ್‌ಐ ಹೆಚ್ಚು ಚಾಲ್ತಿಯಲ್ಲಿರುವವು. 1966ರಲ್ಲಿ ಅಮೆರಿಕದಲ್ಲಿ ಶುರುವಾದ ಪ್ಯಾಡಿಯ ಲೆಕ್ಕವನ್ನೇ ಇಲ್ಲಿ ಹೇಳುತ್ತೇನೆ. ಬೇರೆ ಸಂಸ್ಥೆಗಳ ದಾರಿಯೂ ಹೆಚ್ಚುಕಮ್ಮಿ ಹೀಗೇ ಇದೆ.

ಓಪನ್ ವಾಟರ್ ಡೈವರ್ ಮೊದಲ ಮೆಟ್ಟಿಲು. ಸಮುದ್ರದಲ್ಲಿ ನಾಲ್ಕು ಡೈವ್ ಮಾಡಿಸುತ್ತಾರೆ, 18 ಮೀಟರ್ ಆಳದವರೆಗೆ ಹೋಗುವ ಅರ್ಹತೆ ಸಿಗುತ್ತದೆ. ಅಡ್ವಾನ್ಸ್ಡ್ ಮುಗಿಸಿದರೆ 30 ಮೀಟರ್. ಆಮೇಲೆ ಪ್ರಥಮ ಚಿಕಿತ್ಸೆ ಕಲಿತು ರೆಸ್ಕ್ಯೂ ಡೈವರ್. ಈ ಕೋರ್ಸನ್ನು ಅವಸರದಲ್ಲಿ ಮುಗಿಸಬೇಡಿ. ಅಲ್ಲಿಯವರೆಗೆ ನಿಮ್ಮ ಜೀವ ನೋಡಿಕೊಂಡರೆ ಸಾಕಿತ್ತು, ಇಲ್ಲಿಂದ ಬೇರೆಯವರ ಜೀವ ನೋಡಲು ಕಲಿಯುತ್ತೀರಿ.

ಡೈವ್‌ಮಾಸ್ಟರ್‌ಗೆ 18 ವರ್ಷ ತುಂಬಿರಬೇಕು. ಸೇರುವಾಗ, ಮಾಡಿದ ಡೈವ್‌ಗಳನ್ನು ಬರೆದಿಡುವ ಲಾಗ್ ಪುಸ್ತಕದಲ್ಲಿ 40 ಡೈವ್, ಮುಗಿಸುವಾಗ 60 ಇರಬೇಕು. ಇನ್‌ಸ್ಟ್ರಕ್ಟರ್ ಪರೀಕ್ಷೆಗೆ 100 ಡೈವ್ ಬೇಕು, ಮೊದಲ ಸರ್ಟಿಫಿಕೇಟ್ ಸಿಕ್ಕು ಕನಿಷ್ಠ ಆರು ತಿಂಗಳಾಗಿರಬೇಕು. ಆರು ತಿಂಗಳಲ್ಲೇ ಎಲ್ಲ ಮುಗಿಸಿಬಿಡಬಹುದು ಎಂದು ಆಸೆ ಹುಟ್ಟಿಸುವವರಿದ್ದಾರೆ. ನಿಯಮದ ಪ್ರಕಾರ ಆಗುತ್ತದೆ. ನನ್ನ ಸಲಹೆ ಕೇಳಿದರೆ, ಎರಡು ಸೀಸನ್ ತೆಗೆದುಕೊಳ್ಳಿ. ಒಂದೇ ಜಾಗದ ತಿಳಿನೀರಿನಲ್ಲಿ ನೂರು ಸಲ ಇಳಿದವರಿಗಿಂತ, ನೇತ್ರಾಣಿ, ಗೋವಾ, ಪುದುಚೇರಿ, ಅಂಡಮಾನ್ ಎಂದು ಬೇರೆ ಬೇರೆ ನೀರು ಕಂಡವರು ಒಳ್ಳೆಯ ಶಿಕ್ಷಕರಾಗುತ್ತಾರೆ. ಕಲಕಿದ ನೀರಿನಲ್ಲಿ ವಿದ್ಯಾರ್ಥಿ ಕಣ್ಣಿಗೆ ಕಾಣದಿದ್ದಾಗ ಏನು ಮಾಡಬೇಕು ಎಂಬುದು ಅಂಥ ಕಡೆಯೇ ಗೊತ್ತಾಗುವುದು.

ಘಟ್ಟ ಹತ್ತುವ ಮುನ್ನ

ಇದು ನಮ್ಮ ಭಾಗದವರು ಬೇರೆಯವರಿಗಿಂತ ಹೆಚ್ಚು ಗಮನ ಕೊಡಬೇಕಾದ ವಿಷಯ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ಇನ್ನೂ ಆಗಿಲ್ಲವಾದ್ದರಿಂದ ರಸ್ತೆಯೇ ಗತಿ. ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಕುಮಟಾ, ಹೊನ್ನಾವರ ದಾಟಿದರೆ ಮುರ್ಡೇಶ್ವರ. ಹಾವೇರಿಯವರಿಗೆ ಹಾನಗಲ್, ಶಿರಸಿ ದಾರಿ ಇದೆ. ಶನಿವಾರ, ಭಾನುವಾರ ಡೈವ್ ಮಾಡಿ, ಸೋಮವಾರ ಡ್ಯೂಟಿ ಇದೆ ಎಂದು ಭಾನುವಾರ ಸಂಜೆಯೇ ಗಾಡಿ ಹತ್ತುವುದು ಎಲ್ಲರ ಅಭ್ಯಾಸ.

ಅದು ಅಪಾಯ. ಟ್ಯಾಂಕಿನಲ್ಲಿ ಇರುವುದು ಬರೀ ಆಮ್ಲಜನಕ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ, ಅದು ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. ಅದರಲ್ಲಿ ಬಹುಪಾಲು ಸಾರಜನಕ. ಆಳದ ಒತ್ತಡದಲ್ಲಿ ಆ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಕೂರುತ್ತದೆ. ಮೇಲೆ ಬಂದ ಮೇಲೆ ನಿಧಾನವಾಗಿ ಹೊರಹೋಗಬೇಕು. ಒತ್ತಡ ಒಮ್ಮೆಲೇ ಇಳಿದರೆ ಗೋಲಿ ಸೋಡಾದ ಗೋಲಿ ಒತ್ತಿದಾಗ ಏನಾಗುತ್ತದೋ ಅದೇ ಮೈಯೊಳಗೆ ಆಗುತ್ತದೆ. ಗುಳ್ಳೆಗಳು ಏಳುತ್ತವೆ. ಕೀಲು ನೋವಿನಿಂದ ಹಿಡಿದು ಲಕ್ವದವರೆಗೆ ಏನು ಬೇಕಾದರೂ ಆಗಬಹುದು.

ಸಮುದ್ರದಿಂದ ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ. ಡೈವ್ ಮಾಡಿ ವಿಮಾನ ಹತ್ತುವವರಿಗೆ ಹಾಕಿಕೊಟ್ಟಿರುವ ಕಾಯುವ ನಿಯಮ ಸುಮಾರು 600 ಮೀಟರ್ ಎತ್ತರದಿಂದಲೇ ಶುರುವಾಗುತ್ತದೆ. ಹುಬ್ಬಳ್ಳಿ, ಗದಗ ಎರಡೂ 600 ಮೀಟರ್‌ಗಿಂತ ಮೇಲಿವೆ, ಧಾರವಾಡ 700ಕ್ಕೂ ಮೇಲೆ. ಅಂದರೆ ಬಸ್ಸಿನಲ್ಲಿ ಮನೆಗೆ ಬರುವುದೂ ನಮಗೆ ಆ ಲೆಕ್ಕಕ್ಕೇ ಸೇರುತ್ತದೆ. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದರೆ 18 ಗಂಟೆ ಕೆಳಗೇ ಇರಿ. ಭಾನುವಾರ ಬೆಳಿಗ್ಗೆ ಡೈವ್ ಮುಗಿಸಿ, ರಾತ್ರಿ ಅಲ್ಲೇ ಮಲಗಿ, ಸೋಮವಾರ ಹೊರಡಿ. ಒಂದು ದಿನದ ರಜೆ ಹೋದರೆ ಹೋಗಲಿ.

ಒಂದು ಮಾಸ್ಕ್, ನೂರು ಸಲ

ಡೈವ್‌ಮಾಸ್ಟರ್ ಹಂತದಿಂದ 24 ಕೌಶಲಗಳನ್ನು ಬೇರೆಯವರಿಗೆ ಮಾಡಿ ತೋರಿಸಲು ಕಲಿಸುತ್ತಾರೆ. ಅದರಲ್ಲಿ ಒಂದನ್ನು ನೋಡಿ: ಮಾಸ್ಕ್‌ನೊಳಗೆ ನುಗ್ಗಿದ ನೀರು ತೆಗೆಯುವುದು. ನುರಿತವರು ಮೂಗಿನಿಂದ ಒಮ್ಮೆ ಊದಿ ಒಂದೇ ಕ್ಷಣದಲ್ಲಿ ಮುಗಿಸಿಬಿಡುತ್ತಾರೆ. ಶಿಕ್ಷಕರು ಹಾಗೆ ಮಾಡುವಂತಿಲ್ಲ. ವಿದ್ಯಾರ್ಥಿಗೆ ಕಾಣುವ ಹಾಗೆ ಸ್ವಲ್ಪ ಓರೆಯಾಗಿ ನಿಲ್ಲಬೇಕು. ಮಾಸ್ಕ್‌ನ ಅಂಚನ್ನು ಎರಡು ಬೆರಳಲ್ಲಿ ಸರಿಸಿ, ಕಣ್ಣಿನ ಮಟ್ಟಕ್ಕೆ ನೀರು ಬರಲು ಬಿಡಬೇಕು. ಆತುರವಿಲ್ಲದೆ ಒಂದೆರಡು ಸಲ ಉಸಿರಾಡಬೇಕು. ಆಮೇಲೆ ಮೇಲಿನ ಅಂಚನ್ನು ಹಣೆಗೆ ಒತ್ತಿ ಹಿಡಿದು, ಮುಖ ಸ್ವಲ್ಪ ಮೇಲೆತ್ತಿ, ಮೂಗಿನಿಂದ ಉದ್ದವಾಗಿ ಗಾಳಿ ಬಿಡಬೇಕು. ನೀರು ಕೆಳಗಿನಿಂದ ಹೊರಹೋಗುತ್ತದೆ.

ಇಷ್ಟು ನಿಧಾನ ಯಾಕೆ ಅಂದರೆ, ಮೂಗಿಗೆ ನೀರು ತಾಗಿದ ಕೂಡಲೇ ಹೊಸಬರು ಉಸಿರು ಕಟ್ಟಿಕೊಂಡು ಮೇಲಕ್ಕೆ ಚಿಮ್ಮಲು ನೋಡುತ್ತಾರೆ. 10 ಮೀಟರ್ ಆಳದಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಬಿಡದೆ ಬಂದರೆ ಶ್ವಾಸಕೋಶ ಹರಿಯಬಹುದು. ಹಾಗಾಗಿ ಶಿಕ್ಷಕರ ಕಣ್ಣು ಯಾವಾಗಲೂ ಎದುರಿನವರ ಗುಳ್ಳೆಗಳ ಮೇಲೇ ಇರಬೇಕು. ಗುಳ್ಳೆ ನಿಂತರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಕೊನೆಯ ಕೋರ್ಸ್, ಪರೀಕ್ಷೆ

ಇನ್‌ಸ್ಟ್ರಕ್ಟರ್ ಡೆವಲಪ್‌ಮೆಂಟ್ ಕೋರ್ಸ್ ಸುಮಾರು ಎರಡು ವಾರ ಹಿಡಿಯುತ್ತದೆ. ಪಾಠ ಮಾಡುವುದು, ಕೊಳದಲ್ಲಿ ಕಲಿಸುವುದು, ಸಮುದ್ರದಲ್ಲಿ ಕಲಿಸುವುದು, ಇಷ್ಟನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ. ಜೊತೆಯ ಅಭ್ಯರ್ಥಿಗಳೇ ವಿದ್ಯಾರ್ಥಿಗಳಾಗಿ ಬೇಕಂತಲೇ ತಪ್ಪು ಮಾಡುತ್ತಾರೆ, ನೀವು ಹಿಡಿದು ತಿದ್ದಬೇಕು. ಪ್ರಥಮ ಚಿಕಿತ್ಸೆ ಕಲಿಸುವ ಅರ್ಹತೆಯನ್ನೂ ಇದರ ಜೊತೆ ಪಡೆಯಬೇಕು.

ಪರೀಕ್ಷೆ ಸಾಮಾನ್ಯವಾಗಿ ಎರಡು ದಿನ. ಕಲಿಸಿದವರು ಪರೀಕ್ಷಿಸುವುದಿಲ್ಲ, ಸಂಸ್ಥೆಯಿಂದಲೇ ಪರೀಕ್ಷಕರು ಬರುತ್ತಾರೆ. ಭೌತಶಾಸ್ತ್ರ, ಶರೀರಶಾಸ್ತ್ರ, ಸಲಕರಣೆ, ಡಿಕಂಪ್ರೆಷನ್ (ಒತ್ತಡ ಇಳಿಯುವಿಕೆ) ಸಿದ್ಧಾಂತ, ಕೌಶಲ ಮತ್ತು ಪರಿಸರ ಎಂಬ ಐದು ವಿಷಯಗಳಲ್ಲಿ ಪ್ರತಿಯೊಂದಕ್ಕೂ 75 ಶೇಕಡಾ ಬರಬೇಕು. ಪಿಯುಸಿ ವಿಜ್ಞಾನ ಓದಿದವರಿಗೆ ಲೆಕ್ಕ ಕಷ್ಟವಲ್ಲ. ಕಲಾ ವಿಭಾಗದವರೂ ಹೆದರಬೇಕಿಲ್ಲ, ಒತ್ತಡ-ಗಾತ್ರದ ಲೆಕ್ಕಗಳನ್ನು ಮನೆಯಲ್ಲಿ ಕೂತು ಬಿಡಿಸುತ್ತ ಹೋದರೆ ಕೈಗೆ ಹತ್ತುತ್ತವೆ. ಇಂಗ್ಲಿಷ್ ಮಾತ್ರ ಸ್ವಲ್ಪ ಗಟ್ಟಿ ಮಾಡಿಕೊಳ್ಳಿ.

ದುಡ್ಡು, ಮನೆ, ಕೆಲಸ

ಮೊದಲ ಕೋರ್ಸಿನಿಂದ ಕೊನೆಯವರೆಗೆ ಖರ್ಚು ಲಕ್ಷಗಳಲ್ಲಿ ಆಗುತ್ತದೆ. ಹಣ ಕಟ್ಟುವ ಮೊದಲು ಪುಸ್ತಕ, ಸರ್ಟಿಫಿಕೇಟ್ ಶುಲ್ಕ, ಪರೀಕ್ಷಾ ಶುಲ್ಕ, ದೋಣಿ, ಸಲಕರಣೆ ಬಾಡಿಗೆ ಸೇರಿವೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಪರೀಕ್ಷಾ ಶುಲ್ಕವನ್ನು ಬಹಳ ಕಡೆ ಬೇರೆಯಾಗಿಯೇ ಕಟ್ಟಬೇಕು. ಪಾಸಾದ ಮೇಲೂ ವರ್ಷ ವರ್ಷ ಸದಸ್ಯತ್ವ ನವೀಕರಿಸಬೇಕು, ವಿಮೆ ಇಟ್ಟುಕೊಳ್ಳಬೇಕು. ಡೈವ್‌ಮಾಸ್ಟರ್ ಹಂತದಲ್ಲಿ ಕೆಲವು ಕಡೆ ದುಡಿಮೆಯ ಬದಲಿಗೆ ತರಬೇತಿ ಕೊಡುತ್ತಾರೆ. ಟ್ಯಾಂಕ್ ಹೊರುವುದು, ಸಲಕರಣೆ ತೊಳೆಯುವುದು ಎಲ್ಲ ಮಾಡಬೇಕಾಗುತ್ತದೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಅದು ಒಳ್ಳೆಯ ದಾರಿ.

ಮನೆಯಲ್ಲಿ “ಸಮುದ್ರದಾಗ ಇಳದು ಏನ್ ಸಂಪಾದಸ್ತೀಪಾ?” ಎಂದು ಅವ್ವ ಕೇಳುವುದು ಸಹಜ. ಸಾಧ್ಯವಾದರೆ ಅವರನ್ನೂ ಒಮ್ಮೆ ಕರೆದೊಯ್ದು ದೋಣಿಯಲ್ಲಿ ಕೂರಿಸಿ. ಯಾರು ಯಾವ ಕ್ರಮದಲ್ಲಿ ಏನು ತಪಾಸಣೆ ಮಾಡುತ್ತಾರೆ ಎಂದು ಕಣ್ಣಾರೆ ಕಂಡರೆ ಅರ್ಧ ಅಂಜಿಕೆ ಹೋಗುತ್ತದೆ.

ಕೆಲಸ ಸೀಸನ್ನಿನದು. ನೇತ್ರಾಣಿಯಲ್ಲಿ ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇವರೆಗೆ. ಉಳಿದ ತಿಂಗಳು ಕೊಳದಲ್ಲಿ ಕಲಿಸುವುದೋ, ಮಾಲ್ಡೀವ್ಸ್, ಬಾಲಿ ಕಡೆ ಹೋಗುವುದೋ ನೋಡಿಕೊಳ್ಳಬೇಕು. ನೇತ್ರಾಣಿಗೆ ಬರುವವರಲ್ಲಿ ಕನ್ನಡದಲ್ಲೇ ವಿವರಣೆ ಬೇಕೆನ್ನುವವರು ತುಂಬ ಇದ್ದಾರೆ. ಹೆಬ್ಬೆರಳು ಎತ್ತಿದರೆ ‘ಚೆನ್ನಾಗಿದೆ’ ಅಂತಲ್ಲ, ‘ಮೇಲೆ ಹೋಗೋಣ’ ಅಂತ ಎಂಬುದನ್ನು ಅವರ ಭಾಷೆಯಲ್ಲಿ ದೋಣಿಯ ಮೇಲೇ ಸ್ಪಷ್ಟವಾಗಿ ಹೇಳಬಲ್ಲವರಿಗೆ ಅಲ್ಲಿ ಖಂಡಿತ ಬೆಲೆ ಇದೆ. ಕೆಲಸ ಕೇಳಲು ಸೀಸನ್ ಶುರುವಾಗುವವರೆಗೆ ಕಾಯಬೇಡಿ, ಸೆಪ್ಟೆಂಬರ್‌ನಲ್ಲೇ ಲಾಗ್ ಪುಸ್ತಕ ಹಿಡಿದು ಹೋಗಿ ಮಾತಾಡಿ ಬನ್ನಿ.